ಟ್ರಸ್ಟ್‌ಗಳ ಲೆಕ್ಕ ಊರ ಮುಂದೆ ಬರಲಿ

1726ರಲ್ಲಿ ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯದ ಮುಂದೆ ಚಿಕ್ಕದೊಂದು ವ್ಯಾಜ್ಯ ಬಂತು. ಲಂಡನ್ನಿಗೆ ಸಮೀಪದ ರಮ್‌ಫರ್ಡ್ ಸಂತೆಯ ಆದಾಯದ ಗುತ್ತಿಗೆಯನ್ನು ಒಬ್ಬಾತ ಅಪ್ರಾಪ್ತ ಹುಡುಗನೊಬ್ಬನ ಪರವಾಗಿ ಟ್ರಸ್ಟಿಯಾಗಿ ನೋಡಿಕೊಳ್ಳುತ್ತಿದ್ದ. ಗುತ್ತಿಗೆಯ ಅವಧಿ ಮುಗಿಯಿತು. ಹುಡುಗನಿಗಾಗಿ ಅದನ್ನು ನವೀಕರಿಸಿಕೊಡಿ ಎಂದು ಕೇಳಿದಾಗ ಮಾಲೀಕ ಒಪ್ಪಲಿಲ್ಲ. ಬಾಕಿ ಬಿದ್ದರೆ ಮಗುವಿನಿಂದ ವಸೂಲಿ ಮಾಡುವುದು ಹೇಗೆ ಎಂಬುದು ಅವನ ಅಳುಕು. ಆಗ ಟ್ರಸ್ಟಿ ತನ್ನ ಹೆಸರಿಗೇ ಗುತ್ತಿಗೆ ಬರೆಸಿಕೊಂಡ. ಮೇಲ್ನೋಟಕ್ಕೆ ಇದರಲ್ಲಿ ಯಾರಿಗೂ ಮೋಸವಿಲ್ಲ. ಹುಡುಗನಿಗೆ ಹೇಗೂ ಸಿಗುವಂತಿರಲಿಲ್ಲ, ಟ್ರಸ್ಟಿ ಕದ್ದೂ ಇರಲಿಲ್ಲ. ಆದರೂ ಲಾರ್ಡ್ ಚಾನ್ಸಲರ್ ಕಿಂಗ್ ಕೊಟ್ಟ ತೀರ್ಪು ಕಠಿಣವಾಗಿತ್ತು. ಲೋಕದಲ್ಲಿ ಬೇರೆ ಯಾರು ಬೇಕಾದರೂ ಆ ಗುತ್ತಿಗೆ ಹಿಡಿಯಬಹುದು, ಟ್ರಸ್ಟಿ ಒಬ್ಬ ಮಾತ್ರ ಹಿಡಿಯುವಂತಿಲ್ಲ. ಗುತ್ತಿಗೆಯನ್ನೂ ಅದರಿಂದ ಬಂದ ಲಾಭವನ್ನೂ ಹುಡುಗನಿಗೆ ಒಪ್ಪಿಸಬೇಕು ಎಂದಿತು ನ್ಯಾಯಾಲಯ. ಮಾಲೀಕ ಕೊಡಲಿಲ್ಲ ಎಂಬ ನೆಪದಲ್ಲಿ ಟ್ರಸ್ಟಿಗೆ ಅವಕಾಶ ಕೊಟ್ಟರೆ, ಮುಂದೆ ಯಾವ ಅನಾಥನ ಗುತ್ತಿಗೆಯೂ ಅವನ ಹೆಸರಿಗೆ ನವೀಕರಣವಾಗುವುದಿಲ್ಲ ಎಂಬುದು ಅದರ ತರ್ಕ. ಕೀಚ್ ವಿರುದ್ಧ ಸ್ಯಾಂಡ್‌ಫರ್ಡ್ ಎಂಬ ಈ ಮೊಕದ್ದಮೆಯನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಟ್ರಸ್ಟಿ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯನ್ನೇ ಎತ್ತದೆ, ಅವನ ಜಾಗದಲ್ಲಿ ಕುಳಿತವನಿಗೆ ಸ್ವಂತ ಲಾಭದ ಬಾಗಿಲೇ ಇರಬಾರದು ಎಂದು ಅದು ಹೇಳಿತು.

ನಮ್ಮ ರಾಜ್ಯದಲ್ಲಿ ಟ್ರಸ್ಟ್ ಎಂಬ ಮಾತು ಶಾಲೆಯ ಗೇಟಿನ ಮೇಲಿದೆ, ಆಸ್ಪತ್ರೆಯ ಬಿಲ್ಲಿನ ಮೇಲಿದೆ, ಕಲ್ಯಾಣ ಮಂಟಪದ ರಸೀದಿಯ ಮೇಲಿದೆ. ಆ ಹೆಸರು ಕಂಡೊಡನೆ ಜನರಲ್ಲಿ ಒಂದು ಗೌರವ ಹುಟ್ಟುತ್ತದೆ, ಸರ್ಕಾರದಿಂದ ತೆರಿಗೆ ವಿನಾಯಿತಿ ಸಿಗುತ್ತದೆ, ನಗರಗಳಲ್ಲಿ ನಾಗರಿಕ ಸೌಲಭ್ಯದ ನಿವೇಶನ ಗುತ್ತಿಗೆಗೆ ದೊರೆಯುತ್ತದೆ. ಇಷ್ಟೆಲ್ಲ ಪಡೆದ ಮೇಲೆ ಆ ಸಂಸ್ಥೆ ಯಾರಿಗೆ ಲೆಕ್ಕ ತೋರಿಸಬೇಕು? ಅಲ್ಲಿ ಓದುವ ಮಕ್ಕಳ ತಂದೆತಾಯಿಗೆ, ಚಿಕಿತ್ಸೆಗೆ ಬರುವ ರೋಗಿಗೆ, ದೇಣಿಗೆ ಕೊಟ್ಟ ಊರಿಗೆ ಲೆಕ್ಕ ನೋಡುವ ಹಕ್ಕು ವ್ಯವಹಾರದಲ್ಲಿ ಇಲ್ಲವೆಂದೇ ಹೇಳಬೇಕು. ಟ್ರಸ್ಟ್ ಎಂಬ ಕಾನೂನು ಏರ್ಪಾಡಿನ ಜೀವವೇ ಫಲಾನುಭವಿಯ ಹಕ್ಕು. ಅದನ್ನು ಬಿಟ್ಟು ಉಳಿದೆಲ್ಲವನ್ನೂ ನಾವು ಉಳಿಸಿಕೊಂಡಿದ್ದೇವೆ. ಕರ್ನಾಟಕಕ್ಕೆ ಸಾರ್ವಜನಿಕ ಟ್ರಸ್ಟ್‌ಗಳ ಬಹಿರಂಗ ದಾಖಲೆ ಪುಸ್ತಕವೊಂದು ಬೇಕು, ಅದರಲ್ಲಿ ಪ್ರತಿ ಟ್ರಸ್ಟಿನ ವಾರ್ಷಿಕ ಲೆಕ್ಕ ಯಾರು ಬೇಕಾದರೂ ನೋಡುವಂತೆ ಇರಬೇಕು ಎಂಬುದು ಈ ಲೇಖನದ ವಾದ.

1882ರ ಭಾರತೀಯ ಟ್ರಸ್ಟ್ ಕಾಯ್ದೆ ತನ್ನ ಮೂರನೇ ಸೆಕ್ಷನ್ನಿನಲ್ಲಿ ಟ್ರಸ್ಟನ್ನು ಒಂದು ಹೊಣೆ ಎಂದು ಕರೆಯುತ್ತದೆ: ಆಸ್ತಿಯ ಒಡೆತನಕ್ಕೆ ಅಂಟಿಕೊಂಡು ಬರುವ ಹೊಣೆ, ಇನ್ನೊಬ್ಬರ ಹಿತಕ್ಕಾಗಿ ಒಪ್ಪಿಕೊಂಡ ಹೊಣೆ. ಮುಂದಿನ ಸೆಕ್ಷನ್ನುಗಳು ಆ ಹೊಣೆಗೆ ಮೈ ಕೊಡುತ್ತವೆ. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಆಸ್ತಿಯನ್ನು ಹೇಗೆ ನೋಡಿಕೊಳ್ಳುತ್ತಾನೋ ಅಷ್ಟು ಜಾಗ್ರತೆಯಿಂದ ಟ್ರಸ್ಟಿ ನೋಡಿಕೊಳ್ಳಬೇಕು (15). ಪತ್ರದಲ್ಲಿ ಬರೆದಿಲ್ಲದಿದ್ದರೆ ಅವನಿಗೆ ಸಂಭಾವನೆ ಕೇಳುವ ಹಕ್ಕಿಲ್ಲ (50). ಟ್ರಸ್ಟಿನ ಆಸ್ತಿಯನ್ನು ಸ್ವಂತ ಲಾಭಕ್ಕೆ ಬಳಸುವಂತಿಲ್ಲ (51). ಎಲ್ಲಕ್ಕಿಂತ ಮುಖ್ಯವಾಗಿ, ಫಲಾನುಭವಿ ಬಂದು ಟ್ರಸ್ಟ್ ಪತ್ರ, ಹಕ್ಕುಪತ್ರ, ಲೆಕ್ಕ, ವೋಚರು ಎಲ್ಲವನ್ನೂ ಪರಿಶೀಲಿಸಬಹುದು, ನಕಲು ಪಡೆಯಬಹುದು (57). ಆದರೆ ಈ ಕಾಯ್ದೆ ಖಾಸಗಿ ಟ್ರಸ್ಟ್‌ಗಳಿಗೆ ಸಂಬಂಧಿಸಿದ್ದು. ಸಾರ್ವಜನಿಕ ಧಾರ್ಮಿಕ, ಧರ್ಮಾರ್ಥ ದತ್ತಿಗಳಿಗೆ ಅನ್ವಯಿಸುವುದಿಲ್ಲ ಎಂದು ಅದು ಮೊದಲ ಸೆಕ್ಷನ್ನಿನಲ್ಲೇ ಹೇಳಿಬಿಡುತ್ತದೆ. ಪರಿಣಾಮ ವಿಚಿತ್ರವಾಗಿದೆ. ಅಜ್ಜ ಮೊಮ್ಮಗಳ ಹೆಸರಿನಲ್ಲಿ ಮಾಡಿಟ್ಟ ಟ್ರಸ್ಟಿನಲ್ಲಿ ಆ ಒಬ್ಬ ಹುಡುಗಿಗೆ ವೋಚರು ಕೂಡ ನೋಡುವ ಹಕ್ಕು ಕಾಯ್ದೆಯಿಂದ ಬರುತ್ತದೆ. ಸಾವಿರಾರು ಮಕ್ಕಳ ವಿದ್ಯೆಗಾಗಿ ಎಂದು ಬರೆದಿಟ್ಟ ಟ್ರಸ್ಟಿನಲ್ಲಿ ಆ ಮಕ್ಕಳಿಗೆ ಅಂಥ ಸೆಕ್ಷನ್ ಇಲ್ಲ. ಫಲಾನುಭವಿಗಳ ಸಂಖ್ಯೆ ಹೆಚ್ಚಿದಷ್ಟೂ ಅವರ ಕೈ ದುರ್ಬಲವಾಗುತ್ತದೆ.

ಈ ಏರ್ಪಾಡು ಹುಟ್ಟಿದ ರೀತಿಯನ್ನು ನೋಡಿದರೆ ಅದರ ಅಪಾಯವೂ ತಿಳಿಯುತ್ತದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಆಸ್ತಿ ಹೊಂದಬಾರದೆಂಬ ವ್ರತವಿದ್ದ ಫ್ರಾನ್ಸಿಸ್ಕನ್ ಸಂನ್ಯಾಸಿಗಳಿಗೆ ವಾಸಕ್ಕೆ ಮನೆ ಬೇಕಾದಾಗ, ಬೇರೊಬ್ಬರ ಹೆಸರಿನಲ್ಲಿ ಆಸ್ತಿ ಇಟ್ಟು ಇವರು ಬಳಸುವ ಪದ್ಧತಿ ಬೆಳೆಯಿತು. ಅದೇ ಪದ್ಧತಿಯಿಂದ ಜಮೀನ್ದಾರರು ರಾಜನಿಗೆ ಸಲ್ಲಬೇಕಾದದ್ದನ್ನು ತಪ್ಪಿಸಿಕೊಂಡರು; ಅದನ್ನು ತಡೆಯಲೆಂದೇ ಎಂಟನೇ ಹೆನ್ರಿಯ ಕಾಲದಲ್ಲಿ, 1536ರಲ್ಲಿ, ಕಾನೂನು ಬಂತು. ಹೆಸರು ಒಬ್ಬರದು, ಹಿತ ಮತ್ತೊಬ್ಬರದು ಎಂಬ ಈ ವಿಂಗಡಣೆ ಪುಣ್ಯಕ್ಕೂ ಆದೀತು, ಮರೆಮಾಚುವುದಕ್ಕೂ ಆದೀತು. ನಮ್ಮ ಟ್ರಸ್ಟ್ ಕಾಯ್ದೆ ಜಾರಿಗೆ ಬಂದ 1882ರಲ್ಲೇ ಅಮೆರಿಕದಲ್ಲಿ ರಾಕ್‌ಫೆಲರ್ ಮತ್ತು ಸಂಗಡಿಗರು ಸ್ಟ್ಯಾಂಡರ್ಡ್ ಆಯಿಲ್ ಟ್ರಸ್ಟ್ ಮಾಡಿಕೊಂಡರು. ಹಲವು ರಾಜ್ಯಗಳ ತೈಲ ಕಂಪನಿಗಳ ಷೇರುಗಳನ್ನು ಒಂಬತ್ತು ಟ್ರಸ್ಟಿಗಳ ಕೈಗೆ ಒಪ್ಪಿಸಿ ಇಡೀ ಉದ್ಯಮವನ್ನು ಒಂದೇ ಹಿಡಿತಕ್ಕೆ ತಂದರು. ಆ ದೇಶದಲ್ಲಿ ಟ್ರಸ್ಟ್ ಎಂದರೆ ಏಕಸ್ವಾಮ್ಯ ಎಂದೇ ಅರ್ಥವಾಗುವಷ್ಟು ಆ ಹೆಸರು ಕೆಟ್ಟಿತು. 1890ರ ಶೆರ್ಮನ್ ಕಾಯ್ದೆ ಬಂತು, 1911ರಲ್ಲಿ ಸುಪ್ರೀಂ ಕೋರ್ಟು ಸ್ಟ್ಯಾಂಡರ್ಡ್ ಆಯಿಲನ್ನು ಒಡೆಯಿತು. ಏಕಸ್ವಾಮ್ಯ ತಡೆಯುವ ಕಾನೂನುಗಳನ್ನು ಅಲ್ಲಿ ಇಂದಿಗೂ ಆ್ಯಂಟಿಟ್ರಸ್ಟ್ ಎನ್ನುತ್ತಾರೆ. ಹೆಸರಿನಲ್ಲಿ ವಿಶ್ವಾಸ ಇದ್ದ ಮಾತ್ರಕ್ಕೆ ಒಳಗೆ ವಿಶ್ವಾಸ ಇರುತ್ತದೆ ಎಂಬ ಖಾತರಿ ಇಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇದೇ ಇಂಗ್ಲಿಷ್ ಕಾನೂನಿನಿಂದ ಗಾಂಧೀಜಿ ಪಡೆದದ್ದು ಮಾತ್ರ ಬೇರೆ. ಅಪರಿಗ್ರಹ ಎಂದರೇನು ಎಂದು ಗೀತೆಯನ್ನು ಓದುತ್ತ ತೊಳಲಾಡುತ್ತಿದ್ದಾಗ, ಲಂಡನ್ನಿನಲ್ಲಿ ಓದಿದ್ದ ಸ್ನೆಲ್ ಅವರ ಈಕ್ವಿಟಿ ಗ್ರಂಥ ನೆರವಿಗೆ ಬಂತು ಎಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಪಾರ ಸಂಪತ್ತು ಕೈಯಲ್ಲಿದ್ದರೂ ಅದರಲ್ಲಿ ಕಿಂಚಿತ್ತನ್ನೂ ತನ್ನದೆಂದು ತಿಳಿಯದ ಟ್ರಸ್ಟಿಯ ಚಿತ್ರ ಅವರಿಗೆ ಗೀತೆಯ ಬಾಗಿಲು ತೆರೆಯಿತು. 1901ರಲ್ಲಿ ದಕ್ಷಿಣ ಆಫ್ರಿಕಾದಿಂದ ಹೊರಟಾಗ ಅಲ್ಲಿನ ಭಾರತೀಯರು ಚಿನ್ನ, ವಜ್ರದ ಉಡುಗೊರೆಗಳನ್ನು ಕೊಟ್ಟರು. ಕಸ್ತೂರಬಾ ಅವರಿಗೆಂದೇ ಐವತ್ತು ಗಿನಿ ಬೆಲೆಯ ಹಾರವೂ ಇತ್ತು. ಸೊಸೆಯಂದಿರಿಗೆ ಬೇಡವೇ ಎಂದು ಕಸ್ತೂರಬಾ ವಾದಿಸಿದರು, ಅತ್ತರು. ಗಾಂಧೀಜಿ ಬಿಡಲಿಲ್ಲ. ಪಾರ್ಸಿ ರುಸ್ತುಂಜಿ ಮೊದಲಾದವರನ್ನು ಟ್ರಸ್ಟಿಗಳನ್ನಾಗಿ ಮಾಡಿ, ಟ್ರಸ್ಟ್ ಪತ್ರ ಬರೆದು, ಎಲ್ಲವನ್ನೂ ಬ್ಯಾಂಕಿನಲ್ಲಿ ಇರಿಸಿದರು. ಕಸ್ತೂರಬಾ ಅವರ ಹಾರವನ್ನು ಅವರಿಂದ ಕೇಳಿ ಪಡೆದ ಬಗೆಯ ಕುರಿತು ಇಂದು ನಾವು ಬೇರೆ ಪ್ರಶ್ನೆಗಳನ್ನು ಎತ್ತಬಹುದು, ಎತ್ತಲೂ ಬೇಕು. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ತನ್ನ ಪ್ರಾಮಾಣಿಕತೆಯ ಬಗ್ಗೆ ಯಾರಿಗೂ ಸಂಶಯ ಇರಲಿಲ್ಲವಾದರೂ ಗಾಂಧೀಜಿ ಆಸ್ತಿಯನ್ನು ತನ್ನ ಕೈಯಲ್ಲಿ ಉಳಿಸಿಕೊಳ್ಳಲಿಲ್ಲ. ಕಾಗದ ಬೇಕು, ಬೇರೆಯವರ ಕಣ್ಣು ಬೇಕು, ಬ್ಯಾಂಕಿನ ಬೀಗ ಬೇಕು ಎಂದು ಅವರೇ ಏರ್ಪಾಡು ಮಾಡಿದರು.

ಕನ್ನಡ ನಾಡಿಗೆ ಈ ವಿವೇಕ ಪರದೇಶದಿಂದ ಬರಬೇಕಾಗಿರಲಿಲ್ಲ. ವಿಜಯಪುರ ಜಿಲ್ಲೆಯ ಇಂಡಿ ಬಳಿಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವಿದೆ. ನಾರಾಯಣನೆಂಬ ಮಂತ್ರಿ ಕಟ್ಟಿಸಿದ ವಿದ್ಯಾಶಾಲೆ, ದೂರದಿಂದ ಬಂದ ವಿದ್ಯಾರ್ಥಿಗಳ ವಸತಿ, ಅದರ ವೆಚ್ಚಕ್ಕೆ ಬಿಟ್ಟ ಭೂಮಿ, ಮದುವೆ ಮುಂಜಿಗಳಲ್ಲಿ ಊರವರು ಕೊಡಬೇಕಾದ ಕಾಣಿಕೆ ಎಲ್ಲವೂ ಅದರಲ್ಲಿ ಕೆತ್ತಿದೆ. ನೂರಾರು ದತ್ತಿ ಶಾಸನಗಳ ರೂಢಿಯೂ ಇದೇ. ಯಾರು ಕೊಟ್ಟರು, ಯಾವ ಕೆಲಸಕ್ಕೆ ಕೊಟ್ಟರು, ಭೂಮಿಯ ನಾಲ್ಕೂ ಎಲ್ಲೆ ಯಾವುವು, ನೋಡಿಕೊಳ್ಳಬೇಕಾದ ಮಹಾಜನರು ಯಾರು ಎಂಬುದನ್ನು ಹೇಳಿ, ಕೊನೆಗೆ ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ ಎಂಬ ಶಾಪ. ಶಾಪವನ್ನಷ್ಟೇ ನೆನಪಿಟ್ಟುಕೊಂಡು ನಾವು ಇವನ್ನು ಭಕ್ತಿಯ ದಾಖಲೆ ಎಂದುಕೊಳ್ಳುತ್ತೇವೆ. ಇವು ಲೆಕ್ಕದ ದಾಖಲೆಗಳೂ ಹೌದು. ದತ್ತಿಯ ಷರತ್ತುಗಳನ್ನು ಕಲ್ಲಿನ ಮೇಲೆ ಬರೆದು, ಎಲ್ಲರೂ ಓಡಾಡುವ ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸಿದ್ದರ ಉದ್ದೇಶ ಒಂದೇ: ಮುಂದೆ ಬರುವ ಯಾವ ಪಾರುಪತ್ಯಗಾರನೂ ನನಗೆ ತಿಳಿದಿರಲಿಲ್ಲ ಎನ್ನಬಾರದು, ಯಾವ ಊರವನೂ ನನಗೆ ಕಾಣಿಸಲಿಲ್ಲ ಎನ್ನಬಾರದು.

ಇತ್ತೀಚಿನ ಕಾಲಕ್ಕೆ ಬಂದರೂ ನಾಡಿನ ಶ್ರೇಷ್ಠ ಸಂಸ್ಥೆಗಳು ಈ ದಾರಿಯಲ್ಲೇ ಹುಟ್ಟಿವೆ. ವ್ಯಾಪಾರಿಯಾಗಿದ್ದ ಗುಬ್ಬಿ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಎದುರಿನ ಛತ್ರವನ್ನೂ ತಮ್ಮ ಆಸ್ತಿಯನ್ನೂ ಟ್ರಸ್ಟಿಗೆ ಬರೆದರು, ಕೆ.ಪಿ. ಪುಟ್ಟಣ್ಣಚೆಟ್ಟಿಯವರಂಥ ಸಾರ್ವಜನಿಕ ವ್ಯಕ್ತಿ ಅದರ ಮೊದಲ ಅಧ್ಯಕ್ಷರಾದರು. ಭಾರತೀಯ ವಿಜ್ಞಾನ ಸಂಸ್ಥೆಯ ಕತೆ ಇನ್ನೂ ಸ್ಪಷ್ಟ. ಜೆಮ್‌ಶೆಟ್‌ಜಿ ಟಾಟಾ 30 ಲಕ್ಷ ರೂಪಾಯಿ ಬೆಲೆಯ ಆಸ್ತಿ ಕೊಡುವುದಾಗಿ ಹೇಳಿ 1904ರಲ್ಲಿ ತೀರಿಕೊಂಡರು; ಮಕ್ಕಳು ಮಾತು ಉಳಿಸಿದರು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು. 1909ರ ಮೇ ತಿಂಗಳಲ್ಲಿ ಸಂಸ್ಥೆ ಕಾನೂನುಬದ್ಧವಾಗಿ ಜನ್ಮ ತಾಳಿದ್ದು 1890ರ ಧರ್ಮಾರ್ಥ ದತ್ತಿ ಕಾಯ್ದೆಯ ಕೆಳಗಿನ ಆದೇಶವೊಂದರಿಂದ. ದಾನಿಯ ಕುಟುಂಬ, ಸಂಸ್ಥಾನ, ಭಾರತ ಸರ್ಕಾರ ಮೂವರೂ ಆ ಏರ್ಪಾಡಿನೊಳಗೆ ಇದ್ದರು, ಆದ್ದರಿಂದ ಯಾರೊಬ್ಬರೂ ಅದು ತಮ್ಮದು ಎನ್ನುವಂತಿರಲಿಲ್ಲ. ಆ ಸಂಸ್ಥೆ ಶತಮಾನ ದಾಟಿ ನಿಂತಿರುವುದಕ್ಕೆ ಅದರ ವಿಜ್ಞಾನಿಗಳು ಎಷ್ಟು ಕಾರಣವೋ ಆ ಅಡಿಪಾಯವೂ ಅಷ್ಟೇ ಕಾರಣ.

ಈಗಿನ ಸ್ಥಿತಿಗೆ ಬರೋಣ. ಶಿಕ್ಷಣವನ್ನು ಲಾಭದ ಉದ್ಯಮವಾಗಿ ನಡೆಸಲು ನಮ್ಮ ಕಾನೂನು ಬಿಡುವುದಿಲ್ಲ. ಸಿಬಿಎಸ್‌ಇ ಮಾನ್ಯತೆ ಬೇಕೆಂದರೆ ಖಾಸಗಿ ಶಾಲೆಯನ್ನು ಟ್ರಸ್ಟೋ ಸೊಸೈಟಿಯೋ ಲಾಭೋದ್ದೇಶವಿಲ್ಲದ ಸೆಕ್ಷನ್ 8 ಕಂಪನಿಯೋ ನಡೆಸಬೇಕು. ಆದರ್ಶ ದೊಡ್ಡದು. ಆದರೆ ಲಾಭಕ್ಕಾಗಿಯೇ ಶಾಲೆ ತೆರೆಯಬೇಕೆನ್ನುವವನು ಇದರಿಂದ ಹಿಂದೆ ಸರಿಯಲಿಲ್ಲ, ಟ್ರಸ್ಟ್ ಮಾಡಿಕೊಂಡ. ಗಂಡ, ಹೆಂಡತಿ, ಮಗ, ಸೊಸೆ ಟ್ರಸ್ಟಿಗಳಾಗುವುದನ್ನು ಕಾನೂನು ತಡೆಯುವುದಿಲ್ಲ. ಕಟ್ಟಡ ಕುಟುಂಬದ ಹೆಸರಿನಲ್ಲಿ ಇದ್ದು ಅದಕ್ಕೆ ಟ್ರಸ್ಟ್ ಬಾಡಿಗೆ ಕಟ್ಟುವುದು, ಸಮವಸ್ತ್ರ ಪುಸ್ತಕ ಬಸ್ಸುಗಳ ಗುತ್ತಿಗೆ ಬಂಧುಗಳ ಸಂಸ್ಥೆಗೆ ಹೋಗುವುದು, ಹಳೆಯ ಟ್ರಸ್ಟಿಗಳು ರಾಜೀನಾಮೆ ಕೊಟ್ಟು ಹೊಸಬರು ಸೇರುವ ಮೂಲಕ ಇಡೀ ಸಂಸ್ಥೆ ಕೈಬದಲಾಗುವುದು ಇವೆಲ್ಲ ಸಾಧ್ಯ. ಇಂಥದ್ದು ಎಲ್ಲ ಕಡೆ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ತಿಳಿಯುವ ದಾರಿ ಪಾಲಕರಿಗೆ ಇಲ್ಲ ಎಂಬುದೇ ನನ್ನ ದೂರು. ಈ ಕತ್ತಲೆಯಿಂದ ಪ್ರಾಮಾಣಿಕ ಟ್ರಸ್ಟ್‌ಗಳಿಗೂ ನಷ್ಟ. ಶುಲ್ಕ ಏರಿಸಿದ ಕಾರಣ ನಿಜವಾಗಿಯೂ ಶಿಕ್ಷಕರ ಸಂಬಳವೇ ಆಗಿದ್ದರೂ ಯಾರೂ ಅದನ್ನು ನಂಬುವುದಿಲ್ಲ.

ನ್ಯಾಯಾಲಯಗಳು ಈ ಪ್ರಶ್ನೆಯನ್ನು ಹಲವು ಸಲ ಎದುರಿಸಿವೆ, ಬಹುಪಾಲು ಕರ್ನಾಟಕದ ಮೊಕದ್ದಮೆಗಳ ಮೂಲಕವೇ. ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯ್ದೆಯನ್ನು ನಮ್ಮ ರಾಜ್ಯ 1984ರಲ್ಲೇ ತಂದಿತ್ತು. ವೈದ್ಯಕೀಯ ಸೀಟಿನ ಶುಲ್ಕದ ಮೋಹಿನಿ ಜೈನ್ ತೀರ್ಪು (1992) ಇಲ್ಲಿಂದ ಹೋದದ್ದು. ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಕೊಟ್ಟ ಟಿ.ಎಂ.ಎ. ಪೈ ಫೌಂಡೇಶನ್ ತೀರ್ಪೂ ಇಲ್ಲಿನದೇ. ಅನುದಾನರಹಿತ ಸಂಸ್ಥೆಗಳು ಸಂಸ್ಥೆಯ ಬೆಳವಣಿಗೆಗಾಗಿ ಯುಕ್ತವಾದ ಉಳಿತಾಯ ಮಾಡಬಹುದು, ಲಾಭಕೋರತನ ಮಾಡುವಂತಿಲ್ಲ ಎಂದು ಅದು ಗೆರೆ ಎಳೆಯಿತು. 2022ರ ನ್ಯೂ ನೋಬಲ್ ಎಜುಕೇಶನಲ್ ಸೊಸೈಟಿ ತೀರ್ಪು ಇನ್ನೂ ಬಿಗಿ: ತೆರಿಗೆ ವಿನಾಯಿತಿ ಬೇಕಾದರೆ ಶಿಕ್ಷಣವೊಂದೇ ಉದ್ದೇಶವಾಗಿರಬೇಕು. ತೀರ್ಪುಗಳ ಧಾಟಿ ಸರಿಯಾಗಿದೆ. ಆದರೆ ಯುಕ್ತವಾದ ಉಳಿತಾಯ ಯಾವುದು, ಲಾಭಕೋರತನ ಯಾವುದು ಎಂದು ಹೇಳಲು ಲೆಕ್ಕ ಕಣ್ಣ ಮುಂದೆ ಇರಬೇಕು. ಗೆರೆ ಎಳೆದ ಜಾಗದಲ್ಲಿ ದೀಪ ಇಲ್ಲದಿದ್ದರೆ ಯಾರು ದಾಟಿದರು ಎಂದು ಹೇಗೆ ಗೊತ್ತಾಗಬೇಕು?

ಕರ್ನಾಟಕದಲ್ಲಿ ಟ್ರಸ್ಟ್ ಮಾಡುವವರು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಾಯಿಸುತ್ತಾರೆ. ಆ ಕಚೇರಿಯ ಕೆಲಸ ಪತ್ರ ದಾಖಲಿಸಿಕೊಳ್ಳುವುದು. ಟ್ರಸ್ಟ್ ಮುಂದೆ ಏನು ಮಾಡಿತು ಎಂದು ಅದು ನೋಡುವುದಿಲ್ಲ, ನೋಡುವ ಅಧಿಕಾರವೂ ಅದಕ್ಕಿಲ್ಲ. ಮುಜರಾಯಿ ಕಾಯ್ದೆ ಹಿಂದೂ ಧಾರ್ಮಿಕ ಸಂಸ್ಥೆಗಳಿಗೆ, ವಕ್ಫ್ ಕಾನೂನು ವಕ್ಫ್ ಆಸ್ತಿಗೆ, 1960ರ ಸೊಸೈಟಿ ಕಾಯ್ದೆ ಸೊಸೈಟಿಗಳಿಗೆ. ಇವುಗಳ ನಡುವೆ ಉಳಿಯುವ ಶಿಕ್ಷಣ, ಆರೋಗ್ಯ, ಸಮಾಜಸೇವೆಯ ಟ್ರಸ್ಟ್‌ಗಳಿಗೆ ರಾಜ್ಯದಲ್ಲಿ ಸಾಮಾನ್ಯ ಕಾನೂನೇ ಇಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ, ಧರ್ಮಾದಾಯ ಆಯುಕ್ತರ ಕಚೇರಿ ಇವೆ. ಮುಂಬಯಿ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳ ಹಳೆಯ ಸಂಸ್ಥೆಗಳಿಗೆ ಆ ಕಾನೂನಿನ ಪರಿಚಯವಿದೆ. ಏಕೀಕರಣದ ನಂತರವೂ ಬಹುಕಾಲ ಅದು ಅಲ್ಲಿ ಜಾರಿಯಲ್ಲಿತ್ತು. ರಾಜ್ಯದ ಉಳಿದ ಭಾಗಕ್ಕೆ ಅದನ್ನು ವಿಸ್ತರಿಸುವ ಬದಲು ನಾವು ಆ ಭಾಗದಲ್ಲಿದ್ದುದನ್ನೂ ಕಳೆದುಕೊಂಡೆವು. ಈಗ ಉಳಿದಿರುವ ದಾರಿ ನ್ಯಾಯಾಲಯ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಪ್ರಕಾರ, ಆಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು ಸಾರ್ವಜನಿಕ ಟ್ರಸ್ಟಿನ ಮೇಲೆ ದಾವೆ ಹೂಡಬಹುದು. ಲೆಕ್ಕ ಕೇಳಲು 1920ರ ಕಾಯ್ದೆಯೂ ಇದೆ, ಅದಕ್ಕೂ ಕೋರ್ಟಿಗೇ ಹೋಗಬೇಕು. ಲೆಕ್ಕ ನೋಡದೆ ಅವ್ಯವಹಾರ ಗೊತ್ತಾಗುವುದಿಲ್ಲ, ಅವ್ಯವಹಾರದ ಸುಳಿವಿಲ್ಲದೆ ವಕೀಲರ ಶುಲ್ಕ ಕಟ್ಟಿ ಕೋರ್ಟಿಗೆ ಹೋಗುವವರು ಇಲ್ಲ. ಶಾಲೆಯ ಮೇಲೆ ದಾವೆ ಹೂಡಿದ ತಂದೆಯ ಮಗು ಮರುದಿನ ಅದೇ ಶಾಲೆಗೆ ಹೋಗಬೇಕು ಎಂಬುದನ್ನೂ ಮರೆಯಬಾರದು.

ತೆರಿಗೆ ಇಲಾಖೆ ಇದೆಯಲ್ಲ ಎಂಬುದು ಮೊದಲು ಕೇಳಿಬರುವ ಆಕ್ಷೇಪ. ನಿಜ, ಆದಾಯ ತೆರಿಗೆ ಕಾನೂನು ವಿನಾಯಿತಿ ಪಡೆಯುವ ಟ್ರಸ್ಟ್‌ಗಳಿಗೆ ಬಿಗಿಯಾದ ಷರತ್ತುಗಳನ್ನೇ ಹಾಕಿದೆ. ಆದಾಯದ ಶೇ 85 ಭಾಗವನ್ನು ಉದ್ದೇಶಕ್ಕೆ ಬಳಸಬೇಕು, ಲೆಕ್ಕಪರಿಶೋಧನೆ ಆಗಬೇಕು, ಟ್ರಸ್ಟಿಗಳಿಗೂ ಅವರ ಬಂಧುಗಳಿಗೂ ಅನುಚಿತ ಲಾಭ ಹೋದರೆ ವಿನಾಯಿತಿ ತಪ್ಪುತ್ತದೆ. ಆದರೆ ಇಲಾಖೆ ನೋಡುವುದು ಸರ್ಕಾರದ ವರಮಾನವನ್ನು. ವಿನಾಯಿತಿ ರದ್ದು ಮಾಡಿ ತೆರಿಗೆ ವಸೂಲಿ ಮಾಡಿದರೆ ಅದರ ಕೆಲಸ ಮುಗಿಯಿತು. ಆ ಹಣ ಖಜಾನೆಗೆ ಹೋಗುತ್ತದೆ, ಮಕ್ಕಳಿಗೆ ವಾಪಸು ಬರುವುದಿಲ್ಲ. ಟ್ರಸ್ಟ್ ಸಲ್ಲಿಸಿದ ವಿವರಗಳು ಇಲಾಖೆಯ ಕಡತದಲ್ಲೇ ಉಳಿಯುತ್ತವೆ. ಹೋಲಿಸಿ ನೋಡಿ: ಅದೇ ಶಾಲೆಯನ್ನು ಸೆಕ್ಷನ್ 8 ಕಂಪನಿ ನಡೆಸುತ್ತಿದ್ದರೆ ಅದರ ಆಯವ್ಯಯ ಪಟ್ಟಿಯನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಒಂದೇ ಕೆಲಸ, ಒಂದೇ ಬಗೆಯ ವಿನಾಯಿತಿ, ಒಂದರ ಲೆಕ್ಕ ಬಯಲಲ್ಲಿ, ಮತ್ತೊಂದರದು ಕಪಾಟಿನಲ್ಲಿ. ಈ ಭೇದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಸರ್ಕಾರದ ಕೈ ಒಳಗೆ ಬರುತ್ತದೆ ಎಂಬುದು ಎರಡನೆಯ, ಹೆಚ್ಚು ಗಂಭೀರವಾದ ಆಕ್ಷೇಪ. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಧಾರ್ಮಿಕ ಪಂಗಡಗಳಿಗೆ ತಮ್ಮ ಸಂಸ್ಥೆ ನಡೆಸುವ ಹಕ್ಕನ್ನು ಸಂವಿಧಾನದ 26ನೇ ವಿಧಿ, ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆಯ ಹಕ್ಕನ್ನು 30ನೇ ವಿಧಿ ಕೊಟ್ಟಿವೆ. ದೇವಸ್ಥಾನಗಳ ಮೇಲಿನ ಸರ್ಕಾರಿ ಹಿಡಿತದ ಬಗ್ಗೆ ರಾಜ್ಯದಲ್ಲಿ ದೀರ್ಘ ಜಗಳವೇ ನಡೆದಿದೆ. ಮಹಾರಾಷ್ಟ್ರದ ಕಾಯ್ದೆಯಲ್ಲಿ ಟ್ರಸ್ಟಿನ ಜಮೀನು ಮಾರಲು ಆಯುಕ್ತರ ಪೂರ್ವಾನುಮತಿ ಬೇಕು. ಅನುಮತಿ ಎಲ್ಲಿದೆಯೋ ಅಲ್ಲಿ ಕಡತ ಕೊಳೆಯುವುದು, ಮಧ್ಯವರ್ತಿ ಹುಟ್ಟುವುದು ನಮ್ಮ ಆಡಳಿತದ ಹಳೆಯ ರೋಗ. ಆದ್ದರಿಂದಲೇ ಇಲ್ಲಿ ಎರಡು ವಿಷಯಗಳನ್ನು ಬೇರೆ ಮಾಡಬೇಕು. ಅನುಮತಿ ಕೇಳುವುದು ಅಧಿಕಾರಿಗೆ ಬಲ ಕೊಡುತ್ತದೆ. ಲೆಕ್ಕ ಪ್ರಕಟಿಸುವುದು ಫಲಾನುಭವಿಗೆ ಬಲ ಕೊಡುತ್ತದೆ. ನಾನು ಕೇಳುತ್ತಿರುವುದು ಎರಡನೆಯದನ್ನು ಮಾತ್ರ. ಯಾರನ್ನು ಟ್ರಸ್ಟಿ ಮಾಡಬೇಕು, ಏನು ಕಲಿಸಬೇಕು, ಹಣ ಯಾವುದಕ್ಕೆ ಖರ್ಚು ಮಾಡಬೇಕು ಎಂದು ಸರ್ಕಾರ ಹೇಳುವುದು ಬೇಡ. ಏನು ಮಾಡಿದೆವು ಎಂದು ಟ್ರಸ್ಟ್ ಜನರಿಗೆ ಹೇಳಲಿ. ಮಠದ ಟ್ರಸ್ಟ್ ಆಗಲಿ, ಚರ್ಚಿನದಾಗಲಿ, ಜಮಾತಿನದಾಗಲಿ, ಯಾವ ಧರ್ಮವೂ ಲೆಕ್ಕ ಬಚ್ಚಿಡಲು ಹೇಳಿಲ್ಲ.

ಸಣ್ಣ ಟ್ರಸ್ಟ್‌ಗಳಿಗೆ ಇದು ಹೊರೆಯಾಗುತ್ತದೆ ಎಂಬ ಮಾತಿನಲ್ಲೂ ಸತ್ಯವಿದೆ. ಊರಿನ ಗ್ರಂಥಾಲಯ ನಡೆಸುವ ನಿವೃತ್ತ ಮೇಷ್ಟರು, ವರ್ಷಕ್ಕೆರಡು ತಾಳಮದ್ದಳೆ ಏರ್ಪಡಿಸುವ ಕಲಾ ಟ್ರಸ್ಟಿನವರು ನಮೂನೆ ತುಂಬುತ್ತ ಕೂರಬೇಕಾದರೆ ಕಾನೂನು ತಪ್ಪಿದಂತೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1853ರಿಂದ ಇರುವ ಚಾರಿಟಿ ಕಮಿಷನ್ ಇದಕ್ಕೆ ಮೆಟ್ಟಿಲು ಕಟ್ಟಿದೆ. ವಾರ್ಷಿಕ ಆದಾಯ 25 ಸಾವಿರ ಪೌಂಡ್ ದಾಟಿದ ಸಂಸ್ಥೆಗಳು ಲೆಕ್ಕಪತ್ರ ಸಲ್ಲಿಸಬೇಕು, ಅದಕ್ಕಿಂತ ಚಿಕ್ಕವಕ್ಕೆ ಕೆಲಸ ಹಗುರ. ಅಲ್ಲಿನ ದಾಖಲೆ ಪುಸ್ತಕದಲ್ಲಿ ಟ್ರಸ್ಟಿಗಳ ಹೆಸರು, ಆದಾಯ, ಖರ್ಚು ಎಲ್ಲವೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಾವೂ ಹಾಗೆ ಒಂದು ಮಿತಿ ಇಡಬಹುದು. ಮಿತಿಯ ಕೆಳಗಿನವರು ಒಂದೇ ಪುಟದ ವಿವರ ಕೊಟ್ಟರೆ ಸಾಕು.

ಇವೆಲ್ಲಕ್ಕಿಂತ ಆಳವಾದ ಆಕ್ಷೇಪ ತತ್ತ್ವಶಾಸ್ತ್ರಜ್ಞೆ ಒನೊರಾ ಒನೀಲ್ ಅವರದು. 2002ರ ಬಿಬಿಸಿ ರೀತ್ ಉಪನ್ಯಾಸಗಳಲ್ಲಿ ಅವರು ವಿಶ್ವಾಸವನ್ನೇ ವಿಷಯವಾಗಿ ತೆಗೆದುಕೊಂಡು, ಪಾರದರ್ಶಕತೆಯ ಹೆಸರಿನಲ್ಲಿ ಮಾಹಿತಿಯ ರಾಶಿ ಸುರಿದರೆ ವಿಶ್ವಾಸ ಬೆಳೆಯುವುದಿಲ್ಲ, ಗುರಿ ಅಂಕಿಗಳ ಹಿಂದೆ ಓಡುವ ವೈದ್ಯನೂ ಶಿಕ್ಷಕನೂ ನಿಜವಾದ ಕೆಲಸ ಮರೆಯುತ್ತಾರೆ ಎಂದು ಎಚ್ಚರಿಸಿದರು. ಬ್ರಿಟನ್ನಿನಲ್ಲೇ ಕಿಡ್ಸ್ ಕಂಪನಿ ಎಂಬ ಮಕ್ಕಳ ಸೇವಾಸಂಸ್ಥೆ, ದಾಖಲೆ ಪುಸ್ತಕದಲ್ಲಿ ಇದ್ದೂ, ಸರ್ಕಾರದಿಂದ 30 ಲಕ್ಷ ಪೌಂಡ್ ಅನುದಾನ ಪಡೆದ ಕೆಲವೇ ದಿನಗಳಲ್ಲಿ, 2015ರ ಆಗಸ್ಟಿನಲ್ಲಿ ಮುಚ್ಚಿತು. ಲೆಕ್ಕ ಪ್ರಕಟವಾದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದು ನಿಜ. ಆದರೆ ಒನೀಲ್ ಅವರ ವಾದವನ್ನು ಪೂರ್ತಿ ಕೇಳಬೇಕು. ವಿಶ್ವಾಸ ಹೆಚ್ಚಲಿ ಎಂದು ಹಂಬಲಿಸುವುದಕ್ಕಿಂತ, ಯಾರು ವಿಶ್ವಾಸಕ್ಕೆ ಅರ್ಹರು, ಯಾರು ಅಲ್ಲ ಎಂದು ಜನ ವಿವೇಚಿಸಲು ಬೇಕಾದ ಸಾಧನ ಕೊಡಿ ಎನ್ನುತ್ತಾರೆ ಅವರು. ಬ್ರಿಟನ್ನಿನ ಸಮಸ್ಯೆ ಅತಿಯಾದ ಮಾಹಿತಿ. ನಮ್ಮಲ್ಲಿ ಮೊದಲ ಹಾಳೆಯೇ ಇಲ್ಲ. ಅವರ ಅಜೀರ್ಣದ ಔಷಧವನ್ನು ನಮ್ಮ ಹಸಿವಿಗೆ ಕೊಡುವಂತಿಲ್ಲ. ನಂಬಿದ ಮೇಲೆ ಲೆಕ್ಕ ಕೇಳುವುದು ಅವಮಾನ ಎನ್ನುವ ಸ್ಥಾಪಕರಿಗೂ ಇದೇ ಉತ್ತರ. ಸ್ಥಾಪಕರ ತ್ಯಾಗ ದೊಡ್ಡದಿರಬಹುದು. ಟ್ರಸ್ಟ್ ಅವರ ಆಯುಷ್ಯವನ್ನು ಮೀರಿ ಬದುಕಬೇಕಾದದ್ದು, ಮೂರನೇ ತಲೆಮಾರಿನ ಟ್ರಸ್ಟಿಯನ್ನು ಅವರು ಇಂದು ಕಂಡಿರುವುದಿಲ್ಲ.

ಸರ್ಕಾರಗಳೂ ಈ ರೂಪದ ಮರೆಗೆ ಸರಿಯುವ ಪ್ರವೃತ್ತಿ ಈಚೆಗೆ ಕಾಣುತ್ತಿದೆ. 2020ರ ಮಾರ್ಚಿನಲ್ಲಿ ಪಿಎಂ ಕೇರ್ಸ್ ನಿಧಿ ಸಾರ್ವಜನಿಕ ಧರ್ಮಾರ್ಥ ಟ್ರಸ್ಟ್ ಆಗಿ ನೋಂದಣಿಯಾಯಿತು. ಪ್ರಧಾನಿಯೇ ಅಧ್ಯಕ್ಷರಾಗಿರುವ ನಿಧಿ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ಸರ್ಕಾರದ ನಿಲುವು. ಅದು ಲೆಕ್ಕಪರಿಶೋಧಿತ ಜಮಾ ಖರ್ಚನ್ನು ಪ್ರಕಟಿಸಿದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೂ ಪ್ರಶ್ನೆ ಕೇಳಿ ಉತ್ತರ ಪಡೆಯುವ ಹಕ್ಕು ಕೊಟ್ಟವರಿಗೆ ಇಲ್ಲದಿರುವುದು ಸರಿಯಲ್ಲ. 2019ರ ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರ್ಕಾರದಿಂದ ಗಣನೀಯ ನೆರವು ಪಡೆಯುವ ಸರ್ಕಾರೇತರ ಸಂಸ್ಥೆಗಳೂ ಮಾಹಿತಿ ಹಕ್ಕಿಗೆ ಒಳಪಡುತ್ತವೆ ಎಂದಿದೆ. ರಿಯಾಯಿತಿ ದರದಲ್ಲಿ ಕೊಟ್ಟ ಭೂಮಿಯೂ ಅಂಥ ನೆರವಾಗಬಹುದು ಎಂಬ ಅದರ ಮಾತನ್ನು ಸರ್ಕಾರಿ ನಿವೇಶನ ಪಡೆದ ನಮ್ಮ ಟ್ರಸ್ಟ್‌ಗಳು ಗಮನಿಸಬೇಕು.

ರಾಜ್ಯ ವಿಧಾನಮಂಡಲ ತರಬೇಕಾದ ಮಸೂದೆ ದೊಡ್ಡದಾಗಬೇಕಿಲ್ಲ. ಸಾರ್ವಜನಿಕ ಟ್ರಸ್ಟ್‌ಗಳ ಒಂದು ದಾಖಲೆ ಪುಸ್ತಕ, ಕನ್ನಡದಲ್ಲಿ, ಅಂತರ್ಜಾಲದಲ್ಲಿ. ಅದರಲ್ಲಿ ಟ್ರಸ್ಟ್ ಪತ್ರದ ಪ್ರತಿ, ಟ್ರಸ್ಟಿಗಳ ಹೆಸರು ಮತ್ತು ಅವರ ನಡುವಿನ ನಂಟು, ಆಯವ್ಯಯ, ಟ್ರಸ್ಟಿಗಳಿಗೂ ಅವರ ಬಂಧುಗಳಿಗೂ ಸಂದಾಯವಾದ ಪ್ರತಿಯೊಂದು ರೂಪಾಯಿ, ಆ ವರ್ಷ ಬದಲಾದ ಟ್ರಸ್ಟಿಗಳ ವಿವರ. 57ನೇ ಸೆಕ್ಷನ್ ಖಾಸಗಿ ಟ್ರಸ್ಟಿನ ಫಲಾನುಭವಿಗೆ ಕೊಟ್ಟ ಹಕ್ಕನ್ನು ಸಾರ್ವಜನಿಕ ಟ್ರಸ್ಟಿನ ವಿದ್ಯಾರ್ಥಿಗೆ, ರೋಗಿಗೆ, ದಾನಿಗೆ ವಿಸ್ತರಿಸುವ ಒಂದು ವಿಧಿ. ದತ್ತಿಗಳ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ ಇರುವುದರಿಂದ ರಾಜ್ಯ ದೆಹಲಿಯ ಕಡೆ ನೋಡುತ್ತ ಕೂರಬೇಕಿಲ್ಲ. ಪ್ರಾಮಾಣಿಕ ಟ್ರಸ್ಟ್‌ಗಳು ಕಾನೂನು ಬರುವವರೆಗೆ ಕಾಯದೆ ಈ ವರ್ಷದ ಲೆಕ್ಕವನ್ನೇ ತಮ್ಮ ಸೂಚನಾ ಫಲಕದಲ್ಲಿ ಹಾಕಬಹುದು. ಇನ್ನು ಮುಂದೆ ಯಾವುದೇ ಟ್ರಸ್ಟಿಗೆ ದೇಣಿಗೆ ಕೊಡುವವರು, ಶುಲ್ಕ ಕಟ್ಟುವವರು ರಸೀದಿಯ ಜೊತೆಗೆ ಹಿಂದಿನ ವರ್ಷದ ಲೆಕ್ಕಪರಿಶೋಧನಾ ವರದಿಯನ್ನೂ ಕೇಳಿ.